ಸ್ಟೋಮಾ ಬ್ಯಾಗ್ ಇರುವವರ ವಿಮಾನ ಪ್ರಯಾಣ: ಟಿಕೆಟ್ ಮಾಡಿಸುವಾಗಿನಿಂದ ಇಳಿಯುವ ತನಕ

ಆಪರೇಷನ್ ಆಗಿ ಹೊಟ್ಟೆಯ ಮೇಲೆ ಬ್ಯಾಗ್ ಹಾಕಿಸಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು: ವಿಮಾನ ಮೇಲೇರಿದಾಗ ಬ್ಯಾಗ್ ಒಡೆಯುತ್ತದಾ? ಸೆಕ್ಯೂರಿಟಿಯವರು ಬಟ್ಟೆ ಬಿಚ್ಚಿಸುತ್ತಾರಾ? ಕತ್ತರಿ ಒಳಗೆ ಬಿಡುತ್ತಾರಾ? ಎಷ್ಟು ಬ್ಯಾಗ್ ಒಯ್ಯಬೇಕು? ಮೊದಲ ಎರಡಕ್ಕೆ ಉತ್ತರ ಇಲ್ಲೇ ಹೇಳಿಬಿಡಬಹುದು. ಒಡೆಯುವುದಿಲ್ಲ, ಸ್ವಲ್ಪ ಉಬ್ಬುತ್ತದೆ. ಎಲ್ಲರ ಎದುರು ಬಟ್ಟೆ ಬಿಚ್ಚಬೇಕಾಗಿಲ್ಲ. ಬ್ಯಾಗ್ ಕಳಚಿ ತೋರಿಸಬೇಕಾಗಿಯೂ ಇಲ್ಲ. ಉಳಿದದ್ದಕ್ಕೆ ಒಂದಿಷ್ಟು ತಯಾರಿ ಬೇಕು. ಅದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಪದಗಳು. ಕರುಳಿನ ಅಥವಾ ಮೂತ್ರದ ದಾರಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಗೆ ತಂದು ಮಾಡಿದ ಬಾಯಿಯೇ ಸ್ಟೋಮಾ. ದೊಡ್ಡಕರುಳಿನಿಂದ ತಂದರೆ ಕೊಲೊಸ್ಟಮಿ, ಸಾಮಾನ್ಯವಾಗಿ ಹೊಟ್ಟೆಯ ಎಡಭಾಗದಲ್ಲಿರುತ್ತದೆ, ಮಲ ಬಹುಪಾಲು ಗಟ್ಟಿ. ಸಣ್ಣಕರುಳಿನಿಂದ ತಂದರೆ ಇಲಿಯೊಸ್ಟಮಿ, ಸಾಮಾನ್ಯವಾಗಿ ಬಲಭಾಗದಲ್ಲಿ, ಮಲ ಗಂಜಿಯಂತೆ ತೆಳುವಾಗಿ ದಿನವಿಡೀ ಬರುತ್ತಿರುತ್ತದೆ. ಮೂತ್ರ ಬರುವಂಥದ್ದು ಯುರೊಸ್ಟಮಿ. ಚರ್ಮಕ್ಕೆ ಅಂಟುವ ಭಾಗಕ್ಕೆ ಪ್ಲೇಟ್ ಅಥವಾ ಫ್ಲ್ಯಾಂಜ್ ಎನ್ನುತ್ತಾರೆ. ಪ್ಲೇಟ್ ಮತ್ತು ಚೀಲ ಒಂದೇ ತುಂಡಾಗಿದ್ದರೆ ಒನ್-ಪೀಸ್, ಬೇರೆ ಬೇರೆಯಾಗಿದ್ದು ಕೂಡಿಸುವಂತಿದ್ದರೆ ಟು-ಪೀಸ್. ನಿಮ್ಮದು ಯಾವುದು ಎಂದು ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಸಮರಿ ತೆಗೆದು ನೋಡಿ. ಮುಂದಿನ ಸಲಹೆಗಳಲ್ಲಿ ಹಲವು ಕೊಲೊಸ್ಟಮಿ, ಇಲಿಯೊಸ್ಟಮಿ, ಯುರೊಸ್ಟಮಿ ಈ ಮೂರರಲ್ಲಿ ಯಾವುದು ಎಂಬುದರ ಮೇಲೆ ನಿಂತಿವೆ.

1. ಹೊರಡಬಹುದೇ ಎಂದು ಖಚಿತಪಡಿಸಿಕೊಳ್ಳಿ

ಹೊಟ್ಟೆಯ ದೊಡ್ಡ ಆಪರೇಷನ್ ಆದವರು ಕನಿಷ್ಠ 10 ದಿನ ವಿಮಾನ ಹತ್ತಬಾರದು ಎಂಬುದು ಸಾಮಾನ್ಯ ಸಲಹೆ. ಕಾರಣ ಸರಳ. ಮೇಲೇರಿದಾಗ ಕರುಳಿನೊಳಗಿನ ಗಾಳಿ ಹಿಗ್ಗುತ್ತದೆ, ಹೊಸ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ನಿಮ್ಮ ಗಾಯ, ಸೋಂಕು, ಕೀಮೊ ಎಲ್ಲವನ್ನೂ ನೋಡಿ ಕೊನೆಯ ಮಾತು ಹೇಳಬೇಕಾದವರು ನಿಮ್ಮ ಸರ್ಜನ್. ಆಪರೇಷನ್ ಇತ್ತೀಚಿನದಾಗಿದ್ದರೆ ವಿಮಾನ ಕಂಪನಿ ‘ಮೆಡಿಫ್’ ಎಂಬ ವೈದ್ಯಕೀಯ ಮಾಹಿತಿಯ ಫಾರಂ ಕೇಳಬಹುದು. ಅದನ್ನು ವೈದ್ಯರೇ ತುಂಬಿ ಸಹಿ ಮಾಡಬೇಕು. ಹೊರಡುವ ಹಿಂದಿನ ದಿನ ಓಡಾಡಿದರೆ ಅದು ಆಗುವ ಕೆಲಸವಲ್ಲ.

ಸ್ಟೋಮಾ ಹಳೆಯದಾಗಿ, ಗಾಯ ಮಾಗಿ, ನೀವು ಮನೆಯಲ್ಲಿ ಎಂದಿನಂತೆ ಓಡಾಡುತ್ತಿದ್ದರೆ ವಿಶೇಷ ಅನುಮತಿಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ವ್ಹೀಲ್‌ಚೇರ್ ಅಥವಾ ಬೇರೆ ನೆರವು ಬೇಕಿದ್ದರೆ ಮಾತ್ರ ಹೊರಡುವುದಕ್ಕೆ 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿ. ನಮ್ಮ ದೇಶದ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎ ನಿಯಮ ಹೇಳುವ ಅವಧಿಯೂ ಅದೇ.

ವಿದೇಶಕ್ಕೆ ಹೋಗುವವರು ಪ್ರಯಾಣ ವಿಮೆ ಮಾಡಿಸುವಾಗ ಸ್ಟೋಮಾ ಇರುವುದನ್ನೂ ಅದಕ್ಕೆ ಕಾರಣವಾದ ಕಾಯಿಲೆಯನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

2. ಸೀಟು ಆರಿಸಿಕೊಳ್ಳಿ

ಕಿಟಕಿ ಪಕ್ಕದ ಸೀಟಿನ ಆಸೆ ಬಿಡಿ. ನಡುದಾರಿಯ ಪಕ್ಕದ, ಅಂದರೆ ಐಲ್ ಸೀಟು ತೆಗೆದುಕೊಳ್ಳಿ, ಟಾಯ್ಲೆಟ್‌ಗೆ ನಾಲ್ಕೈದು ಸಾಲು ದೂರದಲ್ಲಿ. ತೀರಾ ಕೊನೆಯ ಸಾಲು ಬೇಡ, ಟಾಯ್ಲೆಟ್‌ಗೆ ಕಾಯುವವರು ಅಲ್ಲೇ ನಿಂತು ಮೈಮೇಲೆ ಬರುತ್ತಾರೆ. ಸೀಟಿಗೆ ನೂರಿನ್ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡಿ, ಇದು ಖರ್ಚು ಉಳಿಸುವ ಜಾಗವಲ್ಲ.

3. ಎಷ್ಟು ಸಾಮಾನು ಬೇಕೆಂದು ಲೆಕ್ಕ ಹಾಕಿ

ಮನೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತೀರಿ ಎಂಬುದರಿಂದ ಶುರು ಮಾಡಿ. ಆ ಲೆಕ್ಕದಲ್ಲಿ ಪೂರ್ತಿ ಪ್ರವಾಸಕ್ಕೆ ಬೇಕಾದದ್ದರ ಎರಡರಷ್ಟು ಒಯ್ಯಿರಿ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಸೆಖೆಯ ಊರಲ್ಲಿ ಬೆವರಿಗೆ ಪ್ಲೇಟ್ ಬೇಗ ಏಳುತ್ತದೆ, ಹೊಸ ನೀರು ಹೊಸ ಊಟಕ್ಕೆ ಭೇದಿ ಆದರೆ ದಿನಕ್ಕೆರಡು ಸಲ ಬದಲಾಯಿಸಬೇಕಾಗಬಹುದು, ವಿಮಾನ ರದ್ದಾದರೆ ಎರಡು ದಿನ ಹೆಚ್ಚು ಉಳಿಯಬೇಕಾಗಬಹುದು.

ಉದಾಹರಣೆಗೆ 10 ದಿನದ ಪ್ರವಾಸ, ಟು-ಪೀಸ್, ಪ್ಲೇಟ್ 3 ದಿನಕ್ಕೊಮ್ಮೆ ಬದಲು ಎಂದಿಟ್ಟುಕೊಳ್ಳಿ. ಬೇಕಾಗುವುದು 4 ಪ್ಲೇಟ್, ಒಯ್ಯಬೇಕಾದದ್ದು 8. ಅದಕ್ಕೆ ಹೊಂದುವ ಚೀಲ 8, ಮೇಲೆ ಇನ್ನೆರಡು. ದಿನಕ್ಕೆ ಎರಡು ಸಲ ಬಿಸಾಡುವ ತಳ ಮುಚ್ಚಿದ ಬ್ಯಾಗ್ ಬಳಸುವ ಕೊಲೊಸ್ಟಮಿಯವರಾದರೆ ಅದೇ 10 ದಿನಕ್ಕೆ ಬೇಕಾಗುವುದು 20, ಒಯ್ಯಬೇಕಾದದ್ದು 40. ಇವು ಹಗುರ, ಆದರೆ ಜಾಗ ತಿನ್ನುತ್ತವೆ. ಅಂಥವರು ತಳ ಬಿಚ್ಚಿ ಖಾಲಿ ಮಾಡುವ ಬ್ಯಾಗನ್ನು ಪ್ರವಾಸಕ್ಕೆ ಮಾತ್ರ ಬಳಸುವ ಬಗ್ಗೆ ಯೋಚಿಸಿ. ಆದರೆ ಹೊಸ ಮಾದರಿಯನ್ನು ಕನಿಷ್ಠ ಎರಡು ವಾರ ಮೊದಲು ಮನೆಯಲ್ಲೇ ಹಾಕಿ ನೋಡಬೇಕು. ವಿಮಾನದಲ್ಲಿ ಮೊದಲ ಸಲ ಪರೀಕ್ಷೆ ಮಾಡುವ ವಸ್ತು ಇದಲ್ಲ.

ಉಳಿದ ಸಾಮಾನುಗಳ ಅಳತೆ ಒಂದು ಕಡೆಯಿಂದ ನಿಮಗೆ ಅನುಕೂಲವಾಗಿಯೇ ಇದೆ. ಸ್ಟೋಮಾ ಪೇಸ್ಟ್‌ನ ಟ್ಯೂಬು ಸಾಮಾನ್ಯವಾಗಿ 60 ಗ್ರಾಂ ಆಸುಪಾಸು, ಪೌಡರ್ ಡಬ್ಬಿ 25ರಿಂದ 30 ಗ್ರಾಂ, ಅಂಟು ಬಿಡಿಸುವ ಸ್ಪ್ರೇ 50 ಮಿ.ಲೀ. ವಿದೇಶದ ವಿಮಾನಗಳಲ್ಲಿ ಕೈಚೀಲದ ದ್ರವ, ಪೇಸ್ಟ್, ಜೆಲ್‌ಗಳಿಗೆ ಸಾಮಾನ್ಯವಾಗಿ ಇರುವ ಮಿತಿ ಒಂದೊಂದು ಡಬ್ಬಿಗೆ 100 ಮಿ.ಲೀ., ಎಲ್ಲ ಸೇರಿ 1 ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ನಿಮ್ಮವೆಲ್ಲ ಆ ಮಿತಿಯೊಳಗೇ ಬರುತ್ತವೆ. ಗಮನಿಸಿ, ಲೆಕ್ಕಕ್ಕೆ ಬರುವುದು ಡಬ್ಬಿಯ ಮೇಲೆ ಅಚ್ಚಾಗಿರುವ ಅಳತೆ. 200 ಮಿ.ಲೀ. ಬಾಟಲಿಯಲ್ಲಿ ತಳದಲ್ಲಿ ಸ್ವಲ್ಪವೇ ಉಳಿದಿದ್ದರೂ ತೆಗೆದಿಡುತ್ತಾರೆ. ಸ್ಪ್ರೇ ಕ್ಯಾನಿನ ಮುಚ್ಚಳ ಕಳೆದುಕೊಳ್ಳಬೇಡಿ. ಒತ್ತುವ ಗುಂಡಿ ತಾನಾಗಿ ಅದುಮದಂತೆ ಮುಚ್ಚಳ ಇರಲೇಬೇಕು ಎನ್ನುವುದು ನಿಯಮ. ಸ್ಪ್ರೇ ಬಗ್ಗೆ ತಕರಾರು ಬರಬಹುದು ಅನ್ನಿಸಿದರೆ ಅದೇ ಔಷಧಿಯ ವೈಪ್ಸ್ ಪ್ಯಾಕೆಟ್ ಒಯ್ಯಿರಿ, ಚರ್ಚೆಯೇ ಇಲ್ಲ.

4. ಮನೆಯಲ್ಲೇ ಕತ್ತರಿಸಿ ಇಟ್ಟುಕೊಳ್ಳಿ

ಕತ್ತರಿಯ ವಿಷಯ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ತಿರುಗುಮೊಳೆಯಿಂದ ತುದಿಗೆ 4 ಇಂಚಿಗಿಂತ ಚಿಕ್ಕದಾದ ಕತ್ತರಿಯನ್ನು ಕೈಚೀಲದಲ್ಲಿ ಬಿಡುತ್ತಾರೆ. ಬ್ರಿಟನ್‌ನಲ್ಲಿ ಅಲಗು 6 ಸೆಂ.ಮೀ. ಮೀರಬಾರದು. ನಮ್ಮ ದೇಶದಲ್ಲಿ ಎಕ್ಸ್‌ರೇ ಮುಂದೆ ಕೂತ ಅಧಿಕಾರಿಯ ಮಾತೇ ಕೊನೆಯದು. ಅದಕ್ಕೇ ನಿಯಮ ವಾದಿಸುವ ಬದಲು ಸಮಸ್ಯೆಯನ್ನೇ ಇಲ್ಲವಾಗಿಸಿ: ಬೇಕಾದ ಪ್ಲೇಟ್‌ಗಳನ್ನೆಲ್ಲ ಮನೆಯಲ್ಲೇ ನಿಮ್ಮ ಅಳತೆಗೆ ಕತ್ತರಿಸಿ, ಕತ್ತರಿಯನ್ನು ಚೆಕ್-ಇನ್ ಲಗೇಜಿಗೆ ಹಾಕಿ.

ತೂತು ಸ್ಟೋಮಾದ ಸುತ್ತ 2ರಿಂದ 3 ಮಿ.ಮೀ. ಮಾತ್ರ ಜಾಸ್ತಿ ಇರಲಿ. ಅದಕ್ಕಿಂತ ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸುಡುತ್ತದೆ, ಚಿಕ್ಕದಾದರೆ ಅಂಚು ಸ್ಟೋಮಾವನ್ನು ಕೊಯ್ಯುತ್ತದೆ. ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನುಣುಪು ಮಾಡಿ. ಆಪರೇಷನ್ ಆಗಿ ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಇರುತ್ತದೆ. ಆ ಅವಧಿಯಲ್ಲಿ ಹೊರಡುವ ಹಿಂದಿನ ದಿನವೇ ಹೊಸದಾಗಿ ಅಳೆದು ಕತ್ತರಿಸಿ, ಹಳೆಯ ಅಚ್ಚಿನ ಮೇಲೆ ಎಲ್ಲವನ್ನೂ ಕತ್ತರಿಸಿಡಬೇಡಿ. ಅಳತೆಯ ಒಂದು ರಟ್ಟಿನ ಅಚ್ಚು ಮಾಡಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡರೆ ಬೇರೆ ಊರಲ್ಲಿ ಹೊಸ ಪ್ಲೇಟ್ ಕೊಳ್ಳಬೇಕಾಗಿ ಬಂದಾಗ ಉಪಯೋಗಕ್ಕೆ ಬರುತ್ತದೆ.

5. ಪತ್ರ ಮತ್ತು ಚೀಟಿ

ವೈದ್ಯರ ಪತ್ರ ಇಂಗ್ಲಿಷಿನಲ್ಲಿರಲಿ, ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ, ಸಹಿ ಮತ್ತು ನೋಂದಣಿ ಸಂಖ್ಯೆಯೊಂದಿಗೆ. ಹೆಸರು ಪಾಸ್‌ಪೋರ್ಟ್ ಅಥವಾ ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು. ನಾಲ್ಕು ವಿಷಯ ಅದರಲ್ಲಿ ಬರಲಿ: ಇವರ ಹೊಟ್ಟೆಯ ಮೇಲೆ ಸ್ಟೋಮಾ ಇದೆ, ಬ್ಯಾಗ್ ಸದಾ ಹಾಕಿಕೊಂಡಿರಬೇಕು, ಪ್ಲೇಟ್, ಪೇಸ್ಟ್, ಪೌಡರ್, ಸ್ಪ್ರೇ ಕೈಚೀಲದಲ್ಲೇ ಇರಬೇಕು, ತಪಾಸಣೆ ಪ್ರತ್ಯೇಕ ಕೋಣೆಯಲ್ಲಿ ಮಾಡಲು ಕೋರಿಕೆ. ಒಂದು ಪುಟ ಸಾಕು. ಎರಡು ಪ್ರತಿ ಮಾಡಿಸಿ, ಒಂದರ ಫೋಟೊ ಫೋನಿನಲ್ಲಿರಲಿ.

ಇದರ ಜೊತೆ ಸಾಮಾನಿನ ಚೀಟಿಯೊಂದನ್ನು ನೀವೇ ಬರೆಯಿರಿ. ಕಂಪನಿಯ ಹೆಸರು, ಬಾಕ್ಸ್ ಮೇಲಿರುವ ಉತ್ಪನ್ನ ಸಂಖ್ಯೆ, ಫ್ಲ್ಯಾಂಜ್‌ನ ಅಳತೆ ಮಿ.ಮೀ. ಲೆಕ್ಕದಲ್ಲಿ. ಕೊಲೊಪ್ಲಾಸ್ಟ್, ಹಾಲಿಸ್ಟರ್, ಕಾನ್ವಾಟೆಕ್ ಸಾಮಾನು ಹಲವು ದೇಶಗಳಲ್ಲಿ ಸಿಗುತ್ತವೆ. ಆದರೆ ಟು-ಪೀಸ್‌ನಲ್ಲಿ ಒಂದು ಕಂಪನಿಯ ಪ್ಲೇಟಿಗೆ ಇನ್ನೊಂದರ ಚೀಲ ಕೂಡುವುದಿಲ್ಲ. ಅದೇ ಕಂಪನಿಯದೇ ಆದರೂ ಅಳತೆ ಬೇರೆಯಾದರೆ ಕೂಡುವುದಿಲ್ಲ. ಅಂಗಡಿಯವರಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಸಂಖ್ಯೆ ತೋರಿಸುವುದು ಸುಲಭ.

ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಇಲಿಯೊಸ್ಟಮಿಯಿಂದ ವಿಪರೀತ ಹರಿಯುವವರಿಗೆ ವೈದ್ಯರು ಕೆಲವೊಮ್ಮೆ ಕೋಡೀನ್ ಇರುವ ಮಾತ್ರೆ ಬರೆಯುತ್ತಾರೆ. ಯುಎಇಯಲ್ಲಿ ಕೋಡೀನ್ ನಿಯಂತ್ರಿತ ಔಷಧಿ, ಮುಂಚಿತ ಅನುಮತಿ ಬೇಕು. ಮಂಗಳೂರಿನಿಂದ ದುಬೈಗೆ ಮಕ್ಕಳ ಮನೆಗೆ ಹೊರಟ ಹಿರಿಯರ ಮಾತ್ರೆ ಡಬ್ಬಿಯನ್ನು ಮನೆಯವರು ಒಮ್ಮೆ ಓದಿ ನೋಡಲೇಬೇಕು. ಮಾತ್ರೆಗಳೆಲ್ಲ ಮೂಲ ಸ್ಟ್ರಿಪ್‌ನಲ್ಲಿರಲಿ, ವಾರದ ಡಬ್ಬಿಗೆ ಬಿಡಿಸಿ ತುಂಬಬೇಡಿ.

6. ಚೀಲ ತುಂಬುವ ಬಗೆ

ಅತಿ ದೊಡ್ಡ ತಪ್ಪು ನಡೆಯುವುದು ಇಲ್ಲೇ: ಎಲ್ಲ ಸಾಮಾನನ್ನೂ ಚೆಕ್-ಇನ್ ಸೂಟ್‌ಕೇಸಿಗೆ ಹಾಕುವುದು. ಬಟ್ಟೆಯ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂದರೆ ಬಟ್ಟೆ ಕೊಳ್ಳಬಹುದು. ನಿಮ್ಮ ಅಳತೆಯ ಪ್ಲೇಟ್ ರಾತ್ರಿ ಹನ್ನೊಂದಕ್ಕೆ ಎಲ್ಲೂ ಸಿಗುವುದಿಲ್ಲ. ಪೂರ್ತಿ ಪ್ರವಾಸಕ್ಕೆ ಬೇಕಾದಷ್ಟು ಕೈಚೀಲದಲ್ಲಿ, ಹೆಚ್ಚುವರಿ ಚೆಕ್-ಇನ್‌ನಲ್ಲಿ. ಜೊತೆಗೆ ಬರುವವರಿದ್ದರೆ ಅವರ ಕೈಚೀಲದಲ್ಲೂ ಎರಡು ಜೊತೆ ಇರಲಿ.

ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ಅಮೆರಿಕದ ನಿಯಮದಲ್ಲಿ ವೈದ್ಯಕೀಯ ಸಾಮಾನು ಕೈಚೀಲದ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಡೆ ಕಂಪನಿಗೆ ಮೊದಲೇ ಇಮೇಲ್ ಮಾಡಿ ಕೇಳಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಪತ್ರದ ಜೊತೆ ಸೇರಿಸಿ. ಕೌಂಟರಿನಲ್ಲಿ ಮಾತಿಗಿಂತ ಕಾಗದಕ್ಕೆ ಬೆಲೆ.

ಕೈಚೀಲದ ಒಳಗೆ ಇನ್ನೊಂದು ಪುಟ್ಟ ಜಿಪ್ ಚೀಲ ಬೇಕು. ಇದು ಟಾಯ್ಲೆಟ್‌ಗೆ ಹೋಗುವಾಗ ಕೈಯಲ್ಲಿ ಹಿಡಿದು ಹೋಗುವಂಥದ್ದು, ಮೇಲಿನ ಲಗೇಜ್ ಖಾನೆಯಲ್ಲಲ್ಲ, ಮುಂದಿನ ಸೀಟಿನ ಕೆಳಗೆ ಇರಬೇಕು. ಅದರಲ್ಲಿ:

- ಕತ್ತರಿಸಿದ ಪ್ಲೇಟ್ ಮತ್ತು ಚೀಲ 2 ಜೊತೆ, ಸ್ಟೋಮಾದ ಸುತ್ತ ಸಂದು ಮುಚ್ಚುವ ಅಂಟಿನ ರಿಂಗ್ ಬಳಸುವವರಾದರೆ ರಿಂಗ್ 2
- ಒಣ ಟಿಶ್ಯೂ ಅಥವಾ ಗಾಜ್ 10, ಅಂಟು ಬಿಡಿಸುವ ವೈಪ್ಸ್ 3
- ಬಣ್ಣದ, ಒಳಗಿನದು ಕಾಣದ ಪ್ಲಾಸ್ಟಿಕ್ ಕವರ್ 4
- ಒಗೆದ ಬಟ್ಟೆ ಒಣಹಾಕುವ ಕ್ಲಿಪ್ 1, ಅಂಗಿಯ ಅಂಚನ್ನು ಎತ್ತಿ ಕಚ್ಚಿಸಲು
- ಒಳಬಟ್ಟೆ ಒಂದು ಜೊತೆ, ತೆಳುವಾದ ಪ್ಯಾಂಟ್ ಅಥವಾ ಲುಂಗಿ ಒಂದು
- 200 ಮಿ.ಲೀ.ನ ಖಾಲಿ ಬಾಟಲಿ

ಮಕ್ಕಳಿಗೆ ಬಳಸುವ ಎಣ್ಣೆಯಂಶದ ವೈಪ್ಸ್ ಬೇಡ. ಚರ್ಮದ ಮೇಲೆ ಜಿಡ್ಡು ಉಳಿದರೆ ಹೊಸ ಪ್ಲೇಟ್ ಹಿಡಿಯುವುದಿಲ್ಲ, ಒಂದು ಗಂಟೆಯಲ್ಲೇ ಅಂಚಿನಿಂದ ಏಳುತ್ತದೆ.

ಪ್ಲೇಟಿನ ಅಂಟು ಬಿಸಿಗೆ ಕರಗುತ್ತದೆ, ತೇವ ಹೀರಿಕೊಳ್ಳುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನ ಡಿಕ್ಕಿಯಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟ ಪ್ಲೇಟ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಅಂಟುವ ಶಕ್ತಿ ಕಳೆದುಕೊಂಡಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಜಿಪ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಿ.

7. ಹೊರಡುವ ಮೊದಲಿನ ಎರಡು ದಿನ: ಊಟ, ನೀರು, ಪ್ಲೇಟ್

ಬ್ಯಾಗ್ ತುಂಬಬಾರದೆಂದು ಹಿಂದಿನ ರಾತ್ರಿಯಿಂದ ಉಪವಾಸ ಇದ್ದು, ನೀರೂ ಕುಡಿಯದೆ ವಿಮಾನ ಹತ್ತುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಖಾಲಿ ಕರುಳು ಸುಮ್ಮನಿರುವುದಿಲ್ಲ, ಗಾಳಿ ಮತ್ತು ನೀರಿನಂಥ ಮಲ ಹೊರಹಾಕುತ್ತದೆ. ಗಟ್ಟಿ ಮಲಕ್ಕಿಂತ ನೀರಾದ ಮಲವೇ ಪ್ಲೇಟಿನ ಕೆಳಗೆ ನುಗ್ಗುವುದು. ಇಲಿಯೊಸ್ಟಮಿಯವರಿಗೆ ಇದು ನೇರ ಅಪಾಯ. ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವ ದೊಡ್ಡಕರುಳು ಅವರ ದಾರಿಯಲ್ಲಿ ಇಲ್ಲ. ವಿಮಾನದ ಒಣ ಗಾಳಿಯಲ್ಲಿ ಆರೆಂಟು ಗಂಟೆ ನೀರಿಲ್ಲದೆ ಕೂತರೆ ಇಳಿಯುವಾಗ ತಲೆಸುತ್ತು, ಕಾಲಿನ ಸೆಳೆತ ಶುರುವಾಗುತ್ತದೆ.

ಬರಿ ನೀರು ಜಾಸ್ತಿ ಕುಡಿಯುವುದೂ ಅವರಿಗೆ ಪರಿಹಾರವಲ್ಲ. ಬರಿ ನೀರು ಉಪ್ಪನ್ನು ಎಳೆದುಕೊಂಡು ಬ್ಯಾಗಿಗೇ ಇಳಿಯುತ್ತದೆ. ಓಆರ್‌ಎಸ್ ಬೇಕು. ಡಬ್ಲ್ಯೂಎಚ್‌ಓ ಸೂತ್ರದ್ದು ಎಂದು ಬರೆದಿರುವ, 1 ಲೀಟರಿಗೆ ಕದಡುವ ಪ್ಯಾಕೆಟ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಕೂರುವ ಸಿಹಿ ಪಾನೀಯದ ಡಬ್ಬಗಳು ಬೇಡ, ಸಕ್ಕರೆ ಜಾಸ್ತಿಯಾದರೆ ಹರಿವು ಇನ್ನೂ ಹೆಚ್ಚುತ್ತದೆ. ಕದಡಿದ ಓಆರ್‌ಎಸ್ ಬಾಟಲಿಯನ್ನು ವಿದೇಶದ ವಿಮಾನದ ಸೆಕ್ಯೂರಿಟಿಯಲ್ಲಿ ತೆಗೆಸಬಹುದು. ಅದಕ್ಕೆ ಪ್ಯಾಕೆಟ್ ಒಯ್ದು, ತಪಾಸಣೆ ದಾಟಿದ ಮೇಲೆ 1 ಲೀಟರ್ ನೀರು ಕೊಂಡು ಕದಡಿ. ಅರ್ಧ ಪ್ಯಾಕೆಟ್ ಅರ್ಧ ಲೀಟರಿಗೆ ಎಂದು ಕಣ್ಣಳತೆಯಲ್ಲಿ ಹಾಕಬೇಡಿ, ಉಪ್ಪಿನ ಪ್ರಮಾಣ ತಪ್ಪುತ್ತದೆ. ಕಿಡ್ನಿ, ಹೃದಯ, ಬಿಪಿ ತೊಂದರೆ ಇರುವವರು ಎಷ್ಟು ಕುಡಿಯಬಹುದೆಂದು ವೈದ್ಯರನ್ನು ಕೇಳಿಯೇ ಹೊರಡಿ.

ಊಟದ ವಿಷಯ. ಎರಡು ದಿನ ಮೊದಲಿನಿಂದ ಗಾಳಿ ಮಾಡುವುದನ್ನು ಕಡಿಮೆ ಮಾಡಿ: ಮೊಳಕೆ ಕಾಳು, ಹುರುಳಿ, ಎಲೆಕೋಸು, ಮೂಲಂಗಿ, ಹಸಿ ಈರುಳ್ಳಿ, ಸೋಡಾ. ಹೊರಡುವ ದಿನಕ್ಕೆ ಮೊಸರನ್ನ, ಇಡ್ಲಿ, ಬಾಳೆಹಣ್ಣು, ಸಾಬೂದಾನಿ ಗಂಜಿ ಒಳ್ಳೆಯದು, ಮಲವನ್ನು ಸ್ವಲ್ಪ ಗಟ್ಟಿ ಮಾಡುತ್ತವೆ. ಇಲಿಯೊಸ್ಟಮಿಯವರು ನಾರು ಜಾಸ್ತಿ ಇರುವ, ಜಗಿದರೂ ಪುಡಿಯಾಗದ ಪದಾರ್ಥ ಬಿಡಬೇಕು. ನಮ್ಮ ಕಡೆ ಮರೆತುಹೋಗುವ ಹೆಸರು ಕೊಬ್ಬರಿ. ತರಿತರಿಯಾದ ತೆಂಗಿನಕಾಯಿ ಚಟ್ನಿ, ಕೊಬ್ಬರಿ ಮಿಠಾಯಿ, ಜೊತೆಗೆ ಕಡಲೆಕಾಯಿ, ಜೋಳದ ತೆನೆ, ಅಣಬೆ, ನುಗ್ಗೆಕಾಯಿಯ ನಾರು, ಇವು ಸ್ಟೋಮಾದ ಬಾಯಲ್ಲಿ ಉಂಡೆಕಟ್ಟಿ ದಾರಿ ಮುಚ್ಚಬಹುದು. ಬೀಟ್‌ರೂಟ್ ತಿಂದರೆ ಬ್ಯಾಗಿನಲ್ಲಿ ಕೆಂಪು ಕಂಡು ರಕ್ತವೆಂದು ಹೆದರುತ್ತೀರಿ, ಅದನ್ನೂ ಆ ಎರಡು ದಿನ ಬಿಡಿ. ವಿಮಾನದಲ್ಲಿ ಚ್ಯೂಯಿಂಗ್ ಗಮ್ ಜಗಿಯುವುದು, ಸ್ಟ್ರಾದಲ್ಲಿ ಕುಡಿಯುವುದು ಗಾಳಿ ನುಂಗಿಸುತ್ತವೆ.

ಪ್ಲೇಟನ್ನು ಹೊರಡುವ ಹಿಂದಿನ ದಿನ ಬದಲಾಯಿಸಿ, ಹೊರಡುವ ದಿನ ಬೆಳಿಗ್ಗೆ ಅಲ್ಲ. ಹೊಸ ಅಂಟು ಮೈಶಾಖಕ್ಕೆ ಚರ್ಮದ ಮೇಲೆ ಕೂರಲು ಸಮಯ ಬೇಕು. ಜೊತೆಗೆ, ಎಲ್ಲಾದರೂ ಸೋರುವಂತಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ.

8. ಸೆಕ್ಯೂರಿಟಿ ತಪಾಸಣೆ

ಸಾಲಿಗೆ ಸೇರುವ ಮೊದಲು ಟಾಯ್ಲೆಟ್‌ಗೆ ಹೋಗಿ ಬ್ಯಾಗ್ ಖಾಲಿ ಮಾಡಿ. ತುಂಬಿದ ಬ್ಯಾಗ್ ಬಟ್ಟೆಯ ಮೇಲಿಂದ ಎದ್ದು ಕಾಣುತ್ತದೆ, ತಡವಿದಾಗ ಅನುಮಾನ ಹುಟ್ಟಿಸುತ್ತದೆ, ಒತ್ತಿದರೆ ಸೋರುತ್ತದೆ.

ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್ ಸಿಬ್ಬಂದಿ ಲೋಹಶೋಧಕ ಆಡಿಸಿ, ಕೈಯಿಂದ ತಡವಿ ನೋಡುತ್ತಾರೆ. ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ಪರದೆಯ ಒಳಗೆ ನೋಡುತ್ತಾರೆ. ಬ್ಯಾಗ್ ಪ್ಲಾಸ್ಟಿಕ್ಕಿನದು, ಲೋಹಶೋಧಕ ಸದ್ದು ಮಾಡುವುದಿಲ್ಲ. ಕೈ ಹೊಟ್ಟೆಗೆ ಬಂದಾಗಲೇ ಗೊತ್ತಾಗುವುದು. ಅದಕ್ಕೆ ಮೊದಲೇ, ಅಂದರೆ ಸಿಬ್ಬಂದಿ ಕೈ ಚಾಚುವ ಮುನ್ನವೇ ನೀವು ಹೇಳಿಬಿಡಿ. ಹೇಳದೆ ನಿಂತು, ಅವರ ಕೈಗೆ ತಾಗಿದ ಮೇಲೆ ಗಾಬರಿಯಾಗಿ ವಿವರಿಸುವುದರಿಂದಲೇ ಬಹಳಷ್ಟು ಕಹಿ ಹುಟ್ಟುತ್ತದೆ.

ಬೆಂಗಳೂರಿನಲ್ಲೂ ಎದುರಿನವರಿಗೆ ಕನ್ನಡ ಬರದಿರಬಹುದು. ಹಿಂದಿಯಲ್ಲಿ ಇಷ್ಟು ಸಾಕು: “ಮೇರೆ ಪೇಟ್ ಪರ್ ಮೆಡಿಕಲ್ ಬ್ಯಾಗ್ ಲಗಾ ಹೈ, ಆಪರೇಷನ್ ಹುವಾ ಹೈ. ಅಲಗ್ ಕಮರೇ ಮೇ ಚೆಕ್ ಕೀಜಿಯೇ.” ಇಂಗ್ಲಿಷಿನಲ್ಲಿ: “ಐ ಹ್ಯಾವ್ ಎ ಮೆಡಿಕಲ್ ಪೌಚ್ ಆನ್ ಮೈ ಸ್ಟಮಕ್. ಪ್ರೈವೇಟ್ ಚೆಕ್, ಪ್ಲೀಸ್.” ಹೇಳುತ್ತಲೇ ಪತ್ರ ಕೊಡಿ. ಮಾತಾಡಲು ಸಂಕೋಚವಾದರೆ ಇದೇ ಸಾಲುಗಳನ್ನು ದಪ್ಪಕ್ಷರದಲ್ಲಿ ಬರೆದು ಬೋರ್ಡಿಂಗ್ ಪಾಸ್ ಜೊತೆ ಮುಂದೆ ಹಿಡಿಯಿರಿ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ ಹೊರಗೆ ಕಾಣದ ತೊಂದರೆ ಇರುವವರಿಗೆಂದು ಸೂರ್ಯಕಾಂತಿ ಹೂವಿನ ಚಿತ್ರದ ಹಸಿರು ಕೊರಳಪಟ್ಟಿ ಕೊಡುತ್ತಾರೆ. ಸಹಾಯ ಕೌಂಟರಿನಲ್ಲಿ ಕೇಳಿ ಹಾಕಿಕೊಂಡರೆ ಸಿಬ್ಬಂದಿ ತಾವಾಗಿ ತಾಳ್ಮೆಯಿಂದ ವಿಚಾರಿಸುತ್ತಾರೆ. ಅದು ತಪಾಸಣೆಯಿಂದ ವಿನಾಯಿತಿ ಕೊಡುವ ಪಟ್ಟಿಯಲ್ಲ.

ಅಮೆರಿಕ, ಯುರೋಪಿನ ನಿಲ್ದಾಣಗಳಲ್ಲಿ ಇಡೀ ಮೈಯ ಸ್ಕ್ಯಾನರ್ ಇರುತ್ತದೆ. ಬ್ಯಾಗ್ ಇರುವ ಜಾಗ ಪರದೆಯ ಮೇಲೆ ಹಳದಿ ಗುರುತಾಗಿ ಬೀಳಬಹುದು. ಅಮೆರಿಕದಲ್ಲಿ ಆಗ ಸಾಮಾನ್ಯವಾಗಿ ನಿಮ್ಮ ಬ್ಯಾಗನ್ನು ಬಟ್ಟೆಯ ಮೇಲಿಂದ ನೀವೇ ಮುಟ್ಟಲು ಹೇಳಿ, ಆಮೇಲೆ ನಿಮ್ಮ ಅಂಗೈಯನ್ನು ಬಟ್ಟೆಯ ತುಂಡಿನಿಂದ ಒರೆಸಿ ಸ್ಫೋಟಕದ ಅಂಶಕ್ಕಾಗಿ ಪರೀಕ್ಷೆ ಮಾಡುತ್ತಾರೆ. ಬ್ಯಾಗ್ ತೆರೆದು ತೋರಿಸಬೇಕಿಲ್ಲ. ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ನಡೆಸುವ ಟಿಎಸ್‌ಎ ಕೇರ್ಸ್ ಎಂಬ ಸಹಾಯವಾಣಿಗೆ ಹೊರಡುವ 72 ಗಂಟೆ ಮೊದಲು ಹೇಳಿದರೆ ನೆರವಿಗೆ ವ್ಯವಸ್ಥೆ ಮಾಡುತ್ತಾರೆ. ಮಕ್ಕಳು ಅಲ್ಲೇ ಇದ್ದರೆ ಹಿಂದಿರುಗುವ ಪ್ರಯಾಣಕ್ಕೆ ಅವರಿಂದಲೇ ಮಾಡಿಸಿ.

ನಡುವೆ ವಿಮಾನ ಬದಲಾಯಿಸುವವರಿಗೆ ಇನ್ನೊಂದು ಮಾತು. ದೋಹಾ, ದುಬೈ, ಫ್ರಾಂಕ್‌ಫರ್ಟ್‌ನಂಥ ಕಡೆ ಮತ್ತೊಮ್ಮೆ ತಪಾಸಣೆ ಆಗಬಹುದು, ಬೆಂಗಳೂರಿನಲ್ಲಿ ಕೊಂಡ ನೀರು ಅಲ್ಲಿ ಹೋಗುತ್ತದೆ. ಓಆರ್‌ಎಸ್ ಕುಡಿದು ಮುಗಿಸಿ, ಮುಂದಿನ ಹಾರಾಟಕ್ಕೆ ಬೇರೆ ಪ್ಯಾಕೆಟ್ ಇಟ್ಟುಕೊಂಡಿರಿ. ಎರಡು ವಿಮಾನಗಳ ನಡುವೆ ಎರಡು ಗಂಟೆಗೂ ಕಡಿಮೆ ಇರುವ ಟಿಕೆಟ್ ತೆಗೆದುಕೊಳ್ಳಬೇಡಿ, ಬ್ಯಾಗ್ ಖಾಲಿ ಮಾಡಲು ಪುರುಸೊತ್ತೇ ಸಿಗುವುದಿಲ್ಲ.

9. ವಿಮಾನದೊಳಗೆ

ಉಬ್ಬುವ ವಿಷಯಕ್ಕೆ ಬರೋಣ. ಹಾರುವಾಗ ಕ್ಯಾಬಿನ್‌ನೊಳಗಿನ ಗಾಳಿಯೊತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ. ಮಂಗಳೂರಿನಿಂದ ಹೊರಟವರ ಬ್ಯಾಗಿನಲ್ಲಿ 100 ಮಿ.ಲೀ. ಗಾಳಿ ಇದ್ದರೆ 8,000 ಅಡಿಯ ಒತ್ತಡದಲ್ಲಿ ಅದು ಸುಮಾರು 135 ಮಿ.ಲೀ. ಆಗುತ್ತದೆ. ಬೆಂಗಳೂರು ಆಗಲೇ 3,000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿಂದ ಹೊರಟವರಿಗೆ 120ರಷ್ಟೇ. ಖಾಲಿ ಬ್ಯಾಗ್ ಇದನ್ನು ಆರಾಮಾಗಿ ಹಿಡಿಯುತ್ತದೆ. ತೊಂದರೆ ಆಗುವುದು ಮುಕ್ಕಾಲು ತುಂಬಿದ ಬ್ಯಾಗಿನಲ್ಲಿ ಹತ್ತಿದವರಿಗೆ. ಬೋರ್ಡಿಂಗ್‌ಗೆ ಮೊದಲು ಇನ್ನೊಮ್ಮೆ ಖಾಲಿ ಮಾಡಿ. ಹಾರುವಾಗ ಮೂರನೇ ಒಂದು ಭಾಗ ತುಂಬಿದಾಗಲೇ ಏಳಿ, ಅರ್ಧ ಆಗಲಿ ಎಂದು ಕಾಯಬೇಡಿ.

ಬ್ಯಾಗಿನ ಮೇಲ್ಭಾಗದ ಇದ್ದಿಲಿನ ಫಿಲ್ಟರ್ ಗಾಳಿಯನ್ನು ವಾಸನೆ ಹೀರಿ ಹೊರಬಿಡುತ್ತದೆ. ಸ್ನಾನಕ್ಕೆಂದು ಅದರ ಮೇಲೆ ಅಂಟಿಸಿದ ಸ್ಟಿಕ್ಕರ್ ತೆಗೆಯಲು ಮರೆತಿದ್ದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಒಳಗಿನಿಂದ ಒದ್ದೆಯಾದರೂ ಅದು ಕಟ್ಟಿಕೊಳ್ಳುತ್ತದೆ, ಹಾಗಾಗಿ ಪ್ರಯಾಣಕ್ಕೆ ಹೊಸ ಬ್ಯಾಗೇ ಇರಲಿ. ಟು-ಪೀಸ್‌ನವರು ಟಾಯ್ಲೆಟ್‌ನಲ್ಲಿ ಚೀಲದ ಮೇಲಂಚನ್ನು ಪ್ಲೇಟಿನಿಂದ ಒಂದಿಷ್ಟು ಬಿಡಿಸಿ, ಗಾಳಿ ಬಿಟ್ಟು, ಮತ್ತೆ ‘ಟಕ್’ ಎನ್ನುವ ತನಕ ಒತ್ತಿ. ಸೂಜಿಯಿಂದ ಚುಚ್ಚಿ ಗಾಳಿ ಬಿಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಆ ತೂತಿನಿಂದ ವಾಸನೆಯೂ ದ್ರವವೂ ಬರುತ್ತವೆ.

ಸೀಟ್ ಬೆಲ್ಟನ್ನು ಸ್ಟೋಮಾದ ಮೇಲೆ ಅಲ್ಲ, ಕೆಳಗೆ, ಸೊಂಟದ ಎಲುಬಿನ ಮೇಲೆ ತಗ್ಗಿಸಿ ಕಟ್ಟಿ. ಬಕಲ್ ಸ್ಟೋಮಾ ಇರುವ ಕಡೆಗೆ ಬರದಂತೆ ಸರಿಸಿ.

ಟಾಯ್ಲೆಟ್‌ಗೆ ಹೋಗುವ ಹೊತ್ತು ಮುಖ್ಯ. ಊಟದ ಗಾಡಿ ನಡುದಾರಿಗೆ ಬಂದರೆ ಅರ್ಧ ಗಂಟೆ ಏಳಲಾಗದು. ಇಳಿಯಲು ತಯಾರಾಗುವಾಗ ಸೀಟ್ ಬೆಲ್ಟ್ ದೀಪ ಹತ್ತಿದರೆ ನೆಲ ಮುಟ್ಟುವ ತನಕ ಅಷ್ಟೇ. ಊಟ ಬರುವ ಮೊದಲು ಒಮ್ಮೆ, ಇಳಿಯಲು 45 ನಿಮಿಷ ಇರುವಾಗ ಒಮ್ಮೆ ಹೋಗಿಬನ್ನಿ.

ಖಾಲಿ ಮಾಡುವ ಕ್ರಮ ಹೀಗೆ. ಕಮೋಡಿನೊಳಗೆ ಮೊದಲು ಟಿಶ್ಯೂ ಹರಡಿ, ಸಿಡಿಯುವುದಿಲ್ಲ, ತಳಕ್ಕೂ ಅಂಟುವುದಿಲ್ಲ. ಅಂಗಿಯನ್ನು ಕ್ಲಿಪ್ಪಿನಿಂದ ಎತ್ತಿ ಕಚ್ಚಿಸಿ. ಜಾಗ ಇದ್ದರೆ ಹಿಂದಕ್ಕೆ ಸರಿದು ಕೂತು, ಇಲ್ಲದಿದ್ದರೆ ಕಮೋಡಿಗೆ ಮುಖ ಮಾಡಿ ಬಾಗಿ. ಬ್ಯಾಗಿನ ಬಾಯಿಯನ್ನು ಮೇಲಕ್ಕೆ ಹಿಡಿದು ಬಿಚ್ಚಿ, ನಿಧಾನ ಕೆಳಗಿಳಿಸಿ ಖಾಲಿ ಮಾಡಿ, ಬಾಯಿಯ ಒಳಹೊರಗೆ ಎರಡು ಸೆಂ.ಮೀ. ಒರೆಸಿ ಮಡಚಿ ಮುಚ್ಚಿ. ವಿಮಾನದಲ್ಲಿ ನಮ್ಮ ಮನೆಯಂಥ ಕೈಪೈಪು ಇರುವುದಿಲ್ಲ, ನೀರು ಬೇಕೆನಿಸಿದರೆ ಆ 200 ಮಿ.ಲೀ. ಬಾಟಲಿ ಅದಕ್ಕೇ. ಬ್ಯಾಗಿನ ಒಳಗನ್ನು ತೊಳೆಯುವ ಅಗತ್ಯ ಇಲ್ಲ, ತೊಳೆಯುವ ನೀರು ಫಿಲ್ಟರನ್ನೂ ಅಂಟನ್ನೂ ನೆನೆಸುತ್ತದೆ. ಬ್ಯಾಗ್, ಪ್ಲೇಟ್, ಒರೆಸಿದ ವೈಪ್ಸ್ ಯಾವುದನ್ನೂ ಕಮೋಡಿಗೆ ಹಾಕಬೇಡಿ. ವಿಮಾನದ ಟಾಯ್ಲೆಟ್ ಎಳೆಯುವುದು ನಿರ್ವಾತದಿಂದ, ಕೊಳವೆ ಕಟ್ಟಿದರೆ ಆ ಟಾಯ್ಲೆಟ್ ಉಳಿದ ಹಾರಾಟಕ್ಕೆಲ್ಲ ಬಂದ್. ಎರಡು ಕವರಿನಲ್ಲಿ ಗಂಟುಕಟ್ಟಿ ಕಸದ ಖಾನೆಗೆ ಹಾಕಿ.

ನಡುವೆ ಸೋರಿದರೆ ಗಗನಸಖಿಗೆ ಮೆಲ್ಲಗೆ ಹೇಳಿ, ಟಾಯ್ಲೆಟ್‌ನಲ್ಲಿ ಹತ್ತು ಹದಿನೈದು ನಿಮಿಷ ಬೇಕು ಎಂದು. ಬಾಗಿಲು ಬಡಿಯುವವರನ್ನು ಅವರು ತಡೆಯುತ್ತಾರೆ. ಕ್ಯಾಬಿನ್ ತಣ್ಣಗಿರುವುದರಿಂದ ಹೊಸ ಪ್ಲೇಟಿನ ಅಂಟು ಗಟ್ಟಿಯಾಗಿರುತ್ತದೆ. ಕವರಿನೊಂದಿಗೇ ಕಂಕುಳಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ, ಚರ್ಮ ಪೂರ್ತಿ ಒಣಗಿಸಿ ಅಂಟಿಸಿ, ಅಂಗೈ ಇಟ್ಟು ಇನ್ನೆರಡು ಮೂರು ನಿಮಿಷ ಒತ್ತಿಹಿಡಿಯಿರಿ.

ವಿಮಾನ ಇಳಿಯುವಾಗ ಉಬ್ಬುವುದರ ಉಲ್ಟಾ ನಡೆಯುತ್ತದೆ. ಗಾಳಿ ಕುಗ್ಗಿ ಬ್ಯಾಗಿನ ಎರಡು ಪದರ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಟ್ಟಿ ಮಲ ಕೆಳಗೆ ಜಾರದೆ ಸ್ಟೋಮಾದ ಬಳಿಯೇ ನಿಂತು ಪ್ಲೇಟಿನ ಕೆಳಗೆ ದಾರಿ ಹುಡುಕುತ್ತದೆ. ಕೊಲೊಸ್ಟಮಿಯವರಿಗೆ ಇದು ಹೆಚ್ಚು. ಕೊನೆಯ ಸಲ ಖಾಲಿ ಮಾಡುವಾಗ ಎಲ್ಲ ಗಾಳಿಯನ್ನೂ ಹಿಂಡಿ ತೆಗೆಯದೆ ಒಂದಿಷ್ಟು ಬಿಡಿ. ಜಾರಿಸುವ ದ್ರಾವಣ ಬಳಸುವವರು ಅದನ್ನು ಒಳಗೆ ಹಾಕಿ ಚೀಲವನ್ನು ಬೆರಳಲ್ಲಿ ಉಜ್ಜಿಕೊಳ್ಳಿ.

10. ಯುರೊಸ್ಟಮಿಯವರಿಗೆ ಪ್ರತ್ಯೇಕವಾಗಿ

ನಿಮಗೆ ಗಾಳಿಯ ಚಿಂತೆ ಇಲ್ಲ, ಆದರೆ ಬ್ಯಾಗ್ ಬೇಗ ತುಂಬುತ್ತದೆ. ನಾಲ್ಕು ಗಂಟೆಗೂ ಮೀರಿದ ಹಾರಾಟಕ್ಕೆ ಕಾಲಿಗೆ ಕಟ್ಟುವ ಲೆಗ್ ಬ್ಯಾಗ್ ಜೋಡಿಸಿಕೊಳ್ಳಿ. ಅದರ ಕನೆಕ್ಟರ್, ಅಂದರೆ ಎರಡು ಕೊಳವೆ ಕೂಡಿಸುವ ತುಂಡು, ಬೆರಳಷ್ಟೇ ದೊಡ್ಡದು, ಹೋಟೆಲಿನಲ್ಲಿ ಬಿಟ್ಟುಹೋಗುವ ವಸ್ತು ಅದೇ. ಎರಡು ಹೆಚ್ಚು ಇಟ್ಟುಕೊಳ್ಳಿ. ಸಡಿಲವಾದ ಪ್ಯಾಂಟ್ ಅಥವಾ ಚೂಡಿದಾರ್ ಧರಿಸಿ, ಕೊಳವೆ ಮೊಣಕಾಲಿನಲ್ಲಿ ಮಡಚಿದರೆ ಮೂತ್ರ ಹಿಂದಕ್ಕೆ ನಿಲ್ಲುತ್ತದೆ. ನೀರು ಕಡಿಮೆ ಕುಡಿದರೆ ಲೋಳೆ ದಪ್ಪವಾಗಿ ಕೊಳವೆ ಕಟ್ಟುವುದೂ ಸೋಂಕಾಗುವುದೂ ನಿಮ್ಮಲ್ಲಿ ಬೇಗ.

11. ತಲುಪಿದ ಮೇಲೆ

ಮೊದಲ ಕೆಲಸ ಕನ್ನಡಿಯ ಮುಂದೆ ನಿಂತು ಪ್ಲೇಟಿನ ಅಂಚು ನೋಡುವುದು. ಒಂದು ಕಡೆ ಬಿಳಿಚಿ ಎದ್ದಿದ್ದರೆ ಟೇಪ್ ಹಚ್ಚಿ ದೂಡಬೇಡಿ, ಬದಲಾಯಿಸಿ. ನಲ್ಲಿ ನೀರಿನಲ್ಲಿ ಚರ್ಮ ತೊಳೆಯಬಹುದು. ಕೊಲೊಸ್ಟಮಿಗೆ ನೀರು ಬಿಟ್ಟು ತೊಳೆಯುವ, ಅಂದರೆ ಇರಿಗೇಶನ್ ಮಾಡುವವರು ಮಾತ್ರ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು.

ಈ ಲಕ್ಷಣಗಳು ಕಂಡರೆ ಹೋಟೆಲಿನಲ್ಲಿ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ: ಸದಾ ಹರಿಯುತ್ತಿದ್ದ ಇಲಿಯೊಸ್ಟಮಿ ನಾಲ್ಕಾರು ಗಂಟೆ ಪೂರ್ತಿ ನಿಂತು, ಹೊಟ್ಟೆ ಉಬ್ಬಿ, ಸುತ್ತಿಕೊಂಡು ನೋಯುವುದು ಅಥವಾ ವಾಂತಿ, ಸ್ಟೋಮಾದ ಕೆಂಪು ಬಣ್ಣ ನೇರಳೆ ಅಥವಾ ಕಪ್ಪಿಗೆ ತಿರುಗುವುದು, ಓಆರ್‌ಎಸ್ ಕುಡಿದರೂ ಮೂತ್ರ ಬಾರದಿರುವುದು, ನಿಂತರೆ ಕಣ್ಣುಕತ್ತಲೆ ಬರುವುದು. ಯುರೊಸ್ಟಮಿಯವರಿಗಾದರೆ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು. ಹೋಗುವಾಗ ವೈದ್ಯರ ಪತ್ರ, ಸಾಮಾನಿನ ಚೀಟಿ ಮತ್ತು ಒಂದು ಜೊತೆ ಪ್ಲೇಟ್-ಚೀಲ ಜೊತೆಗಿರಲಿ. ತುರ್ತು ವಿಭಾಗದಲ್ಲಿ ನಿಮ್ಮ ಅಳತೆಯದು ಇರುತ್ತದೆಂದು ನಂಬಿ ಬರಿಗೈಯಲ್ಲಿ ಹೋಗಬೇಡಿ.